ಈಶಾನ್ಯದ ಕಂಬದ ಕೆಳಗೆ

ಆ ಹಜಾರದ ಕಂಬಗಳು ಯಾವ ಬಣ್ಣದವಾಗಿದ್ದವು ಎಂದು ಹೋದ ವರ್ಷದವರೆಗೆ ಯಾರು ಕೇಳಿದ್ದರೂ ಹಿಂದೆಮುಂದೆ ನೋಡದೆ ಕಪ್ಪು ಎನ್ನುತ್ತಿದ್ದೆ. ಎಣ್ಣೆ ಕುಡಿದು ಕಪ್ಪಾದ ತೇಗ, ಕೈಯಿಟ್ಟರೆ ತಣ್ಣಗೆ. ಎರಡು ವರ್ಷ ಅದೇ ಕಂಬಗಳ ನಡುವೆ ಕುಳಿತು ಎಂ.ಎ. ಓದಿದವಳು ನಾನು, ಅನುಮಾನಪಡುವ ಕಾರಣವೇ ಇರಲಿಲ್ಲ. ಆಮೇಲೆ ಜೊತೆಯಲ್ಲಿ ಓದಿದ ಗೆಳತಿಯೊಬ್ಬಳು ಬೀಳ್ಕೊಡುಗೆಯ ದಿನದ ಫೋಟೊ ಕಳಿಸಿದಳು. ನಾವೆಲ್ಲ ಸೀರೆಯುಟ್ಟು ಸಾಲಾಗಿ ನಿಂತಿದ್ದೇವೆ. ನಮ್ಮ ಹಿಂದೆ ಕಂಬಗಳು ಪಂಚಾಯಿತಿ ಕಚೇರಿಯ ಕಿಟಕಿಗಳ ಹಾಗೆ ಹಸಿರು ಬಣ್ಣ ಬಳಿಸಿಕೊಂಡು ನಿಂತಿವೆ. ಅಲ್ಲಲ್ಲಿ ಬಣ್ಣ ಎದ್ದು ಬಂದ ಕಡೆ ಮರ ಕಾಣುತ್ತದೆ. ಅದೂ ಕಪ್ಪಲ್ಲ, ಮಣ್ಣಿನ ಬಣ್ಣ.

ಆ ಕಪ್ಪನ್ನು ನಾನು ಎಲ್ಲಿಂದ ತಂದೆ? ಬಹುಶಃ ನಮ್ಮ ಮನೆಯ ಮಾತಿನಿಂದ. ಈಗ ನಾನು ದಿನಚರಿ ಬರೆಯುತ್ತೇನೆ, ಆದರೆ ಓದುತ್ತಿದ್ದ ಕಾಲದಲ್ಲಿ ಬರೆಯುತ್ತಿರಲಿಲ್ಲ. ಹಾಗಾಗಿ ಆ ವರ್ಷಗಳ ಬಗ್ಗೆ ಹೇಳುವುದೆಲ್ಲ ಬರಿಯ ನೆನಪು. ಓದುವವರು ಈ ಹಸಿರು ಕಂಬಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದುವುದು ಒಳ್ಳೆಯದು.

ಕಟ್ಟಡ ಇರುವುದು ಶ್ರೀರಂಗಪಟ್ಟಣದಲ್ಲಿ, ಕೋಟೆಯಿಂದ ಹೊರಗೆ, ನದಿಯ ಕಡೆಗೆ ಇಳಿಯುವ ದಾರಿಯಲ್ಲಿ. ಕನ್ನಂಬಾಡಿ ಕಟ್ಟೆ ಕಟ್ಟುವಾಗ ಅಧಿಕಾರಿಗಳು ಉಳಿಯಲೆಂದು ಕಟ್ಟಿದ ಬಂಗಲೆ ಎಂದು ಕೆಲವರು ಹೇಳುತ್ತಾರೆ. ಅದಕ್ಕೂ ಹಿಂದೆ ಯಾರೋ ಶ್ರೀಮಂತರ ಛತ್ರವಾಗಿತ್ತು ಎನ್ನುವವರೂ ಇದ್ದಾರೆ. ಮುಂದೆ ಗಾರೆಯ ದುಂಡು ಕಂಬಗಳ ಪಡಸಾಲೆ; ಒಂದೊಂದು ಕಂಬವೂ ಇಬ್ಬರು ಹುಡುಗಿಯರು ತಬ್ಬಿದರೆ ಬೆರಳಿಗೆ ಬೆರಳು ತಾಗದಷ್ಟು ದಪ್ಪ. ಒಳಗೆ ಎರಡು ಅಂತಸ್ತಿನ ಎತ್ತರದ ಹಜಾರ. ಹಜಾರದ ಉದ್ದಕ್ಕೆ ಎರಡು ಸಾಲು ತೇಗದ ಕಂಬ, ಸಾಲಿಗೆ ನಾಲ್ಕು. ಕಂಬದ ತಲೆಗೆ ಕೆತ್ತಿದ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಆಧಾರದಲ್ಲಿ ಸುತ್ತಲೂ ಒಬ್ಬರು ನಡೆದಾಡುವಷ್ಟು ಅಗಲದ ಅಟ್ಟಣಿಗೆ. ಅದಕ್ಕೂ ಮೇಲೆ ಜಂತೆಗಳು, ಇಟ್ಟಿಗೆ ಗಾರೆಯ ತಾರಸಿ. ಮೂಲೆಯಲ್ಲಿ ಅಟ್ಟಣಿಗೆಗೆ ಹತ್ತುವ ಮರದ ಮೆಟ್ಟಿಲು. ಬೆಳಕೆಲ್ಲ ಮೇಲಿನ ಸಣ್ಣ ಕಿಟಕಿಗಳಿಂದಲೇ ಬರುತ್ತಿತ್ತು. ಬೆಳಿಗ್ಗೆಯ ಮೊದಲ ಪಾಠದಲ್ಲಿ ಪಶ್ಚಿಮದ ಗೋಡೆಯ ಮೇಲೆ ಇರುತ್ತಿದ್ದ ಬಿಸಿಲು, ಬಸ್ಸಿಗೆ ಹೊರಡುವ ಹೊತ್ತಿಗೆ ಪೂರ್ವದ ಗೋಡೆಗೆ ಹತ್ತಿರುತ್ತಿತ್ತು.

ವಿಶ್ವವಿದ್ಯಾಲಯ ಅದನ್ನು ಸ್ನಾತಕೋತ್ತರ ಕೇಂದ್ರಕ್ಕೆಂದು ತೆಗೆದುಕೊಂಡದ್ದು ನಾನು ಹುಟ್ಟುವ ಮೊದಲು. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯವರು ಮೈಸೂರಿನಲ್ಲಿ ರೂಮು ಹಿಡಿಯದೆ ಓದಲಿ ಎಂಬುದು ಉದ್ದೇಶ. ಹಜಾರವನ್ನು ಕಬ್ಬಿಣದ ಬೀರುಗಳಿಂದಲೇ ಎರಡು ಪಾಲು ಮಾಡಿದ್ದರು. ಒಂದು ಪಾಲಿನಲ್ಲಿ ಪಾಠ, ಇನ್ನೊಂದರಲ್ಲಿ ಓದುವ ಮೇಜುಗಳು. ಆಚೆ ಓದುವವರು ಈಚೆಯ ಪಾಠವನ್ನೂ ಕೇಳುತ್ತಿದ್ದರು. ಅರ್ಥಶಾಸ್ತ್ರ ಓದುತ್ತಿದ್ದ ಒಬ್ಬಾತ ಬೀರುವಿನ ಹಿಂದಿನಿಂದಲೇ ನಮ್ಮ ಚರಿತ್ರೆಯ ಮೇಷ್ಟ್ರ ಪ್ರಶ್ನೆಗೆ ಉತ್ತರ ಹೇಳಿ ಬೈಸಿಕೊಂಡಿದ್ದ.

ನಾನು ಓದು ಮುಗಿಸಿ ಹೋದ ಮೇಲೆ ಒಂದೊಂದಾಗಿ ವಿಭಾಗಗಳು ಮೈಸೂರಿಗೆ ಹೋದವು. ಹಜಾರದಲ್ಲಿ ಕೆಲವು ಕಾಲ ಉತ್ತರಪತ್ರಿಕೆ ತಿದ್ದಿದರು. ಚುನಾವಣೆ ಬಂದಾಗ ಮತಪೆಟ್ಟಿಗೆ ಇಟ್ಟು ಪಡಸಾಲೆಗೆ ತೆರೆಯುವ ಕೆಳಗಿನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿದರು. ಎಣಿಕೆ ಮುಗಿದ ಮೇಲೆ ಆ ಇಟ್ಟಿಗೆಯನ್ನು ಯಾರೂ ತೆಗೆಯಲಿಲ್ಲ. ಕೊರೊನಾ ಕಾಲದಲ್ಲಿ ಕಂಬಗಳ ನಡುವೆ ಮಂಚ ಹಾಕಿದರು, ಕಂಬಗಳಿಗೆ ಹಗ್ಗ ಕಟ್ಟಿ ಪರದೆ ಇಳಿಬಿಟ್ಟರು. ಅಲ್ಲಿ ಮಲಗಿ ಎದ್ದು ಬಂದ ಬೆಳಗೊಳದ ಹೆಂಗಸೊಬ್ಬಳು ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದಾಗ, ಹದಿನಾಲ್ಕು ದಿವಸ ಮೇಲೆ ಬೋದಿಗೆಯಲ್ಲಿ ಕೆತ್ತಿದ ಗಿಣಿಗಳನ್ನೇ ನೋಡುತ್ತಿದ್ದೆ ಎಂದಳು. ಆಮೇಲೆ ಅಕ್ಕಿ ಮೂಟೆ ಬಂದವು. ಅಕ್ಕಿಯ ಹಿಂದೆ ಇಲಿ, ಇಲಿಯ ಹಿಂದೆ ಬೀಗ.

ಈಗ ನಮ್ಮ ಮನೆಯ ಮಾತು. ನಾವು ಮರಗೆಲಸದ ಆಚಾರಿಗಳು. ಮೂಲ ಕೆ.ಆರ್.ಪೇಟೆ ತಾಲ್ಲೂಕು, ಗೋವಿಂದನಹಳ್ಳಿಯ ಹತ್ತಿರ. ಈಗ ಇರುವುದು ಪಾಂಡವಪುರ. ತಾತ ಎಳೆಯ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಶ್ರೀರಂಗಪಟ್ಟಣಕ್ಕೆ, ನಮ್ಮ ಬಾಯಲ್ಲಿ ಬರಿಯ ಪಟ್ಟಣಕ್ಕೆ, ಬಂದನಂತೆ. ಬಂಗಲೆಯ ಎಂಟು ಕಂಬಗಳನ್ನು ನಿಲ್ಲಿಸಿದ್ದು ಅವನೇ ಎಂಬುದು ನಮ್ಮ ಮನೆಯಲ್ಲಿ ಅನ್ನದಷ್ಟು ಸಹಜವಾದ ಮಾತು.

ಕಂಬ ನಿಲ್ಲಿಸುವುದಕ್ಕೆ ನಮ್ಮವರಲ್ಲಿ ಒಂದು ಕ್ರಮ ಉಂಟು. ಕೆಳಗೆ ಪಾದದ ಕಲ್ಲು, ಅದರ ನಡುವೆ ಕಂಬದ ಗೂಟ ಕೂರಲು ಒಂದು ಕುಳಿ. ಆ ಕುಳಿಯೊಳಗೆ ನವಧಾನ್ಯ ಹಾಕಿ, ಒಂದು ಚೂರು ಬಂಗಾರ ಇಟ್ಟು, ಹಾಲು ಬಿಟ್ಟು, ಅದರ ಮೇಲೆ ಕಂಬ ಇಳಿಸಬೇಕು. ಬಂಗಾರ ಕೊಡಬೇಕಾದವನು ಮನೆ ಕಟ್ಟಿಸುವ ಯಜಮಾನ. ಬಂಗಲೆ ಕಟ್ಟಿಸುತ್ತಿದ್ದ ಅಧಿಕಾರಿ, ಸರ್ಕಾರಿ ಕಟ್ಟಡಕ್ಕೆ ಬಂಗಾರ ಎಲ್ಲಿಂದ ತರಲಿ ಎಂದನಂತೆ. ತಾತ ಬರಿಯ ಕುಳಿಯ ಮೇಲೆ ಕಂಬ ಇಳಿಸಲಾರೆ ಎಂದು ಮನೆಗೆ ಬಂದು, ಅಜ್ಜಿಯ ಕಿವಿಯ ಓಲೆಯ ಅಂಚನ್ನು ಕತ್ತರಿಸಿ ಒಯ್ದು ಮೊದಲ ಕಂಬದ ಕೆಳಗೆ ಇಟ್ಟನಂತೆ. ಅಲ್ಲಿಂದ ಮುಂದೆ ಅಜ್ಜಿಯ ಒಂದು ಓಲೆ ಇನ್ನೊಂದಕ್ಕಿಂತ ಚಿಕ್ಕದು. ಆ ಓಲೆಗಳು ನಾಗಮಂಗಲದ ಅಕ್ಕಸಾಲಿ ಮನೆಗೆ ಕೊಟ್ಟ ನಮ್ಮ ಸೋದರತ್ತೆಗೆ ಹೋದವು. ಅತ್ತೆಯ ಗಂಡ ಅವನ್ನು ಕರಗಿಸಿ ಬೇರೆ ಏನೋ ಮಾಡಿದ. ಹಾಗಾಗಿ ನಾನು ಕಣ್ಣಾರೆ ಕಂಡದ್ದು ಏನೂ ಇಲ್ಲ.

ಮೊದಲ ಕಂಬ ಯಾವುದು ಎಂಬುದರಲ್ಲೂ ಒಮ್ಮತವಿರಲಿಲ್ಲ. ಅಪ್ಪ ಸಾಯುವವರೆಗೂ ಈಶಾನ್ಯದ್ದು ಎನ್ನುತ್ತಿದ್ದ. ಅತ್ತೆ ಬಂದಾಗ, ಮೆಟ್ಟಿಲ ಹತ್ತಿರದ್ದು ಎಂದು ಅವನ ಮಾತನ್ನು ತುಂಡು ಮಾಡುತ್ತಿದ್ದಳು. ನಾನು ಓದುವಾಗ ಈಶಾನ್ಯದ ಕಂಬಕ್ಕೆ ಒರಗುವ ಜಾಗವನ್ನೇ ಹಿಡಿಯುತ್ತಿದ್ದೆ. ಹಾಗೆಂದು ನೆನಪು.

ಚರಿತ್ರೆಯ ಮೇಷ್ಟ್ರು ಒಂದು ದಿನ ಪಾಠ ನಿಲ್ಲಿಸಿ ನಮ್ಮನ್ನೆಲ್ಲ ತಲೆಯೆತ್ತಿ ನೋಡುವಂತೆ ಹೇಳಿದರು. ಕೆಲವು ಬೋದಿಗೆಗಳಲ್ಲಿ ಬಾಳೆಮೊಗ್ಗು, ಕೆಲವುಗಳಲ್ಲಿ ಗಿಣಿ. ಕೆತ್ತನೆಯ ಕೈಯೂ ಒಂದೇ ಅಲ್ಲ. ಬೇರೆ ಎಲ್ಲೋ ಬಿದ್ದುಹೋದ ಹಳೆಯ ಮನೆಯೊಂದರ ಕಂಬಗಳನ್ನು ತಂದು ಇಲ್ಲಿ ಮತ್ತೆ ನಿಲ್ಲಿಸಿರಬಹುದು ಎಂದರು. ಆಧಾರವಿಲ್ಲದೆ ಏನನ್ನೂ ನಂಬಬೇಡಿ ಎಂಬುದು ಅವರು ದಿನವೂ ಹೇಳುತ್ತಿದ್ದ ಮಾತು. ಅದನ್ನು ಕಲಿತದ್ದು ನಾನು ಆ ಹಜಾರದಲ್ಲೇ. ಮನೆಗೆ ಬಂದು ಊಟಕ್ಕೆ ಕುಳಿತಾಗ ಅಣ್ಣನಿಗೆ ಹೇಳಿದೆ. ಅವನು ಮುದ್ದೆ ಮುರಿಯುತ್ತಿದ್ದವನು ತಲೆ ಎತ್ತದೆ, "ಎಲ್ಲಿಂದ್ಲೇ ತರ್ಲಿ ಕಣವ್ವ, ನಿಲ್ಸೋನು ಒಬ್ಬ ಬೇಕಲ್ಲ" ಎಂದ.

ಅಣ್ಣನ ಬಗ್ಗೆ ಹೇಳಬೇಕು, ಈ ಬರವಣಿಗೆ ಅವನನ್ನು ಕುರಿತದ್ದೇ. ನನಗಿಂತ ಆರು ವರ್ಷ ದೊಡ್ಡವನು. ಅಪ್ಪನ ಕೈಕೆಳಗೆ ಉಳಿ, ಮರ ಕೆತ್ತುವ ಬಾಚಿ ಹಿಡಿದು ಕಲಿತವನು. ಕಲಿತು ಮುಗಿಯುವ ಹೊತ್ತಿಗೆ ಅದನ್ನು ಕೇಳುವವರು ಇರಲಿಲ್ಲ. ಪಾಂಡವಪುರದಲ್ಲಿ ಅವನದೊಂದು ಅಂಗಡಿ ಇದೆ. ಫೈಬರ್ ಬಾಗಿಲು, ಪ್ಲೈವುಡ್ ಬೀರು, ಮೈಕಾ ಅಂಟಿಸಿದ ಮಂಚ. ದಿನವಿಡೀ ಅವನ ಬೆರಳಿಗೆ ಅಂಟು ಮೆತ್ತಿರುತ್ತದೆ, ಮರದ ಹೊಟ್ಟು ಅಲ್ಲ. ಆದರೆ ಹೊಸಬರು ಯಾರೇ ಸಿಕ್ಕಲಿ, ಅಂಗಡಿಗೆ ಬಂದವರಿರಲಿ, ಬಸ್ಸಿನಲ್ಲಿ ಪಕ್ಕ ಕೂತವರಿರಲಿ, ಅವನು ತನ್ನನ್ನು ಪರಿಚಯಿಸಿಕೊಳ್ಳುತ್ತಿದ್ದದ್ದು ಒಂದೇ ರೀತಿ. ಪಟ್ಟಣದ ಬಂಗಲೆಯ ಕಂಬ ನಿಲ್ಲಿಸಿದವನ ಮೊಮ್ಮಗ. ಆ ಮಾತು ಹೇಳುವಾಗ ಅವನ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. ಅದೊಂದು ಇಲ್ಲದಿದ್ದರೆ ಅವನು ತನ್ನ ದೃಷ್ಟಿಯಲ್ಲೇ ಬರಿಯ ಮೈಕಾ ಅಂಟಿಸುವವನು.

ಹೋದ ವರ್ಷ ವಿಶ್ವವಿದ್ಯಾಲಯ ಕಟ್ಟಡವನ್ನು ಬಿಟ್ಟುಕೊಟ್ಟಿತು. ಅದನ್ನು ಗುತ್ತಿಗೆಗೆ ಪಡೆದವರು ಮದುವೆ, ಸಭೆಗಳಿಗೆ ಕೊಡುವ ಸಭಾಂಗಣ ಮಾಡುತ್ತೇವೆ ಎಂದರು. ಹೊರಗಿನ ಗಾರೆ ಕಂಬಗಳು ಹಾಗೇ ಇರುತ್ತವೆ, ಫೋಟೊಗೆ ಚೆನ್ನಾಗಿರುತ್ತದೆ. ಒಳಗಿನ ತೇಗದ ಕಂಬಗಳು ಮಾತ್ರ ವೇದಿಕೆಗೆ ಅಡ್ಡ. ಅಲ್ಲಿ ಓದಿದ ನಾವು ಹತ್ತಾರು ಮಂದಿ ಸೇರಿ ಆಕ್ಷೇಪಿಸಿದೆವು. ಮಾತುಕತೆಗೆ ಕರೆದರು. ಅವರ ಇಂಜಿನಿಯರು ಚಿಕ್ಕ ವಯಸ್ಸಿನ, ಸೌಮ್ಯ ಹುಡುಗ. ಹಜಾರದ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿ ನನ್ನನ್ನು ಕೂರಿಸಿ, ವೇದಿಕೆ ಬರುವ ಉತ್ತರದ ಕೊನೆಯನ್ನು ತೋರಿಸಿದ. ಮುಂದಿನ ಎರಡು ಕಂಬಗಳು ನಿಜವಾಗಿಯೂ ಅಡ್ಡ ಬರುತ್ತಿದ್ದವು.

"ಮದ್ವೆಗ್ ಬರೋರು ಕಂಬ ನೋಡಕ್ ಬರ್ತಾರಾ ಮೇಡಂ? ಹೆಣ್ಣು ನೋಡಕ್ ಬರ್ತಾರೆ" ಎಂದ. ನನಗೂ ನಗು ಬಂತು.

ಕೊನೆಗೆ ಒಂದು ಒಪ್ಪಂದವಾಯಿತು. ತಾರಸಿ ಹಳೆಯದಾದ್ದರಿಂದ ಹೇಗಿದ್ದರೂ ಎರಡೂ ಸಾಲಿನ ಉದ್ದಕ್ಕೆ ಉಕ್ಕಿನ ಗರ್ಡರ್ ಹಾಕಿ ಭಾರವನ್ನೆಲ್ಲ ಅದರ ಮೇಲೆ ಹೊರಿಸಲಿದ್ದರು. ಆಮೇಲೆ ಮುಂದಿನ ಎರಡು ಕಂಬ, ಈಶಾನ್ಯದ್ದು ಮತ್ತು ಅದರ ಎದುರಿನದು, ತೆಗೆಯುವುದು. ಉಳಿದ ಆರು ಭಾರ ಹೊರದಿದ್ದರೂ ಇದ್ದ ಜಾಗದಲ್ಲೇ ನಿಂತಿರುವುದು. ಆರು ಉಳಿಸಿದೆವಲ್ಲ ಎಂದು ನಾವು ಹೊರಗೆ ಬಂದು ಕಬ್ಬಿನ ಹಾಲು ಕುಡಿದೆವು. ಅದು ಗೆಲುವು ಎಂದುಕೊಂಡಿದ್ದೆ. ಅಂದಿನ ದಿನಚರಿಯಲ್ಲಿ ಆ ಪದವನ್ನೇ ಬರೆದಿದ್ದೇನೆ.

ಎರಡು ಕಂಬ ತೆಗೆಯುವ ಕೆಲಸವನ್ನು ಅಣ್ಣ ತಾನಾಗಿ ಹೋಗಿ ಕೇಳಿ ಹಿಡಿದ. ನನಗೆ ಅದು ಕೇಳಿ ಕಸಿವಿಸಿಯಾಯಿತು. ತಾತ ನಿಲ್ಲಿಸಿದ್ದನ್ನು ನೀನೇ ಕೀಳುತ್ತೀಯಾ ಎಂದೆ.

"ಬ್ಯಾರೆಯೋನು ಬಂದ್ರೆ ಗರಗಸ ಇಕ್ತಾನೆ. ನಾನಾದ್ರೆ ಬುಡದಿಂದ್ಲೇ ಎತ್ತಿ ಮಲಗುಸ್ತೀನಿ" ಎಂದ. "ಎತ್ತುದ್ಮ್ಯಾಕೆ ಕೆಳೀಕೆ ಏನದೆ ಅಂತ ನೋಡ್ಬೋದು. ನೀನೇ ಅಲ್ವಾ ಆಧಾರ ಆಧಾರ ಅಂತಿದ್ದೋಳು" ಎಂದ.

ಅವನು ಅದನ್ನು ಚುಚ್ಚಲೆಂದು ಹೇಳಲಿಲ್ಲ, ಆಸೆಯಿಂದ ಹೇಳಿದ. ನನಗೂ ಆ ಆಸೆ ಇತ್ತು ಎಂಬುದನ್ನು ಬಚ್ಚಿಡುವುದು ಸುಳ್ಳಾಗುತ್ತದೆ.

ಈಶಾನ್ಯದ ಕಂಬ ಎತ್ತಿದ್ದು ಒಂದು ಶುಕ್ರವಾರ. ನಾನೂ ಹೋದೆ. ಗರ್ಡರ್ ಕೂರಿಸಿದ್ದ ವೆಲ್ಡಿಂಗ್ ಕೆಲಸದವನು ಪಟ್ಟಣದ ಸಾಬರ ಬೀದಿಯವನು, ಅಣ್ಣನಿಗೆ ಹಳೆಯ ಪರಿಚಯ. ಇಬ್ಬರೂ ಕೂಡಿ ಚೈನ್ ಪುಲ್ಲಿ ಕಟ್ಟಿದರು. ಅಣ್ಣ ಬುಡದ ಸುತ್ತಲ ಗಾರೆಯನ್ನು ಉಳಿಯಿಂದ ಬಿಡಿಸಿದ. ಅವನ ಕೈ ಎಷ್ಟು ಹಗುರಾಗಿ ಓಡುತ್ತಿತ್ತೆಂದರೆ, ಅಪ್ಪ ಕೆಲಸ ಮಾಡುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾಗೆ ನಾನು ನಿಂತು ನೋಡಿದೆ. ಇಷ್ಟು ವರ್ಷ ಈ ಕೈ ಏನು ಮಾಡುತ್ತಿತ್ತು ಎನಿಸಿತು.

"ಆಚಾರ್ರೇ, ಬಂಗಾರ ಸಿಕ್ಕುದ್ರೆ ನಮ್ಗೆ ಒಂದು ಚಾಯ್ ಆದ್ರೂ ಉಂಟಾ?" ಎಂದ ವೆಲ್ಡಿಂಗಿನವನು.

"ಸಿಕ್ಕುದ್ರೆ ನಿನ್ನೆಂಡ್ತಿಗೆ ಮೂಗ್ಬೊಟ್ಟೇ ಮಾಡುಸ್ತೀನಿ ಬುಡಯ್ಯ."

"ಯಾ ಅಲ್ಲಾ, ಅಂಗ್ ಮಾತ್ರ ಮಾಡ್ಬ್ಯಾಡಿ. ಆಮೇಲೆ ಒಂದು ಕಿವೀಗೂ ತಕ್ಕೊಡು ಅಂತಾಳೆ."

ಸರಪಳಿ ಬಿಗಿಯಿತು. ಕಂಬ ಒಮ್ಮೆ ನರಳಿದ ಹಾಗೆ ಸದ್ದು ಮಾಡಿ ಕಲ್ಲಿನಿಂದ ಎದ್ದಿತು. ಪಕ್ಕಕ್ಕೆ ತಂದು ಗೋಣಿಯ ಮೇಲೆ ಮಲಗಿಸಿದರು. ಅಣ್ಣ ಕೈ ಒರೆಸಿಕೊಂಡು ಕುಳಿಯ ಮುಂದೆ ಮಂಡಿಯೂರಿದ. ಒಳಗೆ ಗೆದ್ದಲು ತಿಂದ ಮರದ ಪುಡಿ. ಅದನ್ನು ಬೆರಳಿನಿಂದ ಬಾಚಿ ಬಾಚಿ ಟವೆಲ್ಲಿನ ಮೇಲೆ ಹಾಕಿದ. ಬೇಸಿನ್ನಿನಲ್ಲಿ ನೀರು ತರಿಸಿ, ಅಕ್ಕಸಾಲಿಗಳು ಬೂದಿ ತೊಳೆಯುವ ಹಾಗೆ ಪುಡಿಯನ್ನು ತೊಳೆದ. ನೀರು ಕೆಂಪಾಯಿತು. ತಳದಲ್ಲಿ ಉಳಿದದ್ದು ಮರಳು.

ಎದುರಿನ ಕಂಬದ ಕೆಳಗೂ ಅಷ್ಟೇ.

ವೆಲ್ಡಿಂಗಿನವನು ಹೋಗಿ ಮೂರು ಚಹಾ ತಂದ. ಅಣ್ಣ ಕುಡಿಯದೆ ಲೋಟ ಹಿಡಿದುಕೊಂಡು ಕುಳಿತ. ಬಸ್ ನಿಲ್ದಾಣದವರೆಗೂ ನನ್ನ ಜೊತೆ ನಡೆದು ಬಂದು, ನಾಗಮಂಗಲಕ್ಕೆ ಹೋಗಿ ಅತ್ತೆಯನ್ನು ಒಂದು ಸಲ ಸರಿಯಾಗಿ ಕೇಳು ಎಂದ. ನೀನು ಕೇಳಿದರೆ ಬಿಡಿಸಿ ಹೇಳುತ್ತಾಳೆ, ನಾನು ಕೇಳಿದರೆ ಬೈಯುತ್ತಾಳೆ ಎಂದ.

ಶನಿವಾರ ನಾಗಮಂಗಲಕ್ಕೆ ಹೋದೆ. ಅತ್ತೆಗೆ ಎಂಬತ್ತು ದಾಟಿದೆ, ಕಣ್ಣು ಮಂಜು, ನಾಲಿಗೆ ಮಾತ್ರ ಮಂಜಾಗಿಲ್ಲ. ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಳು. ನಡೆದದ್ದನ್ನು ಹೇಳಿದೆ. ಈಶಾನ್ಯದ ಕಂಬದಲ್ಲಿ ಏನೂ ಸಿಗಲಿಲ್ಲ ಎಂದಾಗ ಅವಳ ಮುಖದಲ್ಲಿ ಗೆದ್ದವಳ ಕಳೆ ಬಂತು.

"ನಾನು ಬಡ್ಕತಾನೇ ಇದ್ದೆ. ಮೆಟ್ಲ ತಾವದ್ದು ಅಂತ. ನಿಮ್ಮಪ್ಪಂಗೇನವ್ವ ಗೊತ್ತು, ಅವನಿನ್ನೂ ಉಟ್ಟೇ ಇರ್ನಿಲ್ಲ."

ನೀನು ಹುಟ್ಟಿದ್ದೆಯಾ ಅತ್ತೆ ಎಂದೆ.

"ನಾನೂ ಉಟ್ಟಿರ್ನಿಲ್ಲ. ಆದ್ರೆ ನಾನು ಅವನ್ಗಿಂತ ದೊಡ್ಡೋಳು."

ಹೊರಗೆ ಬಂದು ಅಣ್ಣನಿಗೆ ಫೋನು ಮಾಡಿದೆ. ಮೆಟ್ಟಿಲ ಹತ್ತಿರದ ಕಂಬ ಎನ್ನುತ್ತಾಳೆ ಎಂದೆ. ಅದು ಉಳಿಯಬೇಕಾದ ಆರರಲ್ಲಿ ಒಂದು, ಇಂಜಿನಿಯರನ್ನು ಕೇಳದೆ ಮುಟ್ಟಬೇಡ ಎಂದೂ ಹೇಳಿದೆ ಎಂದು ನನ್ನ ನೆನಪು. ಆದರೆ ಅಂದಿನ ದಿನಚರಿಯಲ್ಲಿ ಇರುವುದು "ಅಣ್ಣನಿಗೆ ತಿಳಿಸಿದೆ" ಎಂಬ ಒಂದೇ ಸಾಲು. ಹೇಳಿದ್ದೆನೋ, ಆಮೇಲೆ ಹೇಳಬೇಕಿತ್ತು ಅನಿಸಿದ್ದು ಹೇಳಿದ ಹಾಗೆ ಉಳಿದುಕೊಂಡಿತೋ. ಅಣ್ಣನನ್ನು ಕೇಳಬಹುದು. ಇದುವರೆಗೆ ಕೇಳಿಲ್ಲ.

ಆ ರಾತ್ರಿ ಅತ್ತೆಯ ಮನೆಯಲ್ಲೇ ಉಳಿದೆ. ಭಾನುವಾರ ಪಾಂಡವಪುರದ ಮೇಲೆ ಹೋಗುವ ಬಸ್ಸು ಹಿಡಿದೆ. ಮನೆಯ ಹತ್ತಿರ ಇಳಿಯಬೇಕಾದವಳು, ಅಣ್ಣನ ಅಂಗಡಿಗೆ ಬೀಗ ಬಿದ್ದಿರುವುದನ್ನು ಕಿಟಕಿಯಿಂದ ನೋಡಿ ಇಳಿಯದೆ ಮುಂದೆ ಪಟ್ಟಣಕ್ಕೇ ಹೋದೆ.

ಹಜಾರದ ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟಾಗ ನನಗೆ ಮೊದಲು ಅನಿಸಿದ್ದು ಎಷ್ಟು ಬೆಳಕು ಎಂದು. ಯಾವ ಅಡ್ಡಿಯೂ ಇಲ್ಲದ ಬೆಳಕು, ಈ ಗೋಡೆಯಿಂದ ಆ ಗೋಡೆಯವರೆಗೆ. ಆಮೇಲೆ ಕಣ್ಣು ಹೊಂದಿಕೊಂಡಿತು. ಆರೂ ಕಂಬಗಳು ನೆಲದ ಮೇಲಿದ್ದವು. ಒಂದರ ಪಕ್ಕ ಒಂದು, ಗೋಣಿಯ ಮೇಲೆ, ಒಂದಕ್ಕೂ ಗೀರು ಬೀಳದ ಹಾಗೆ ಮಲಗಿದ್ದವು. ಮೇಲೆ ಬೂದು ಬಣ್ಣದ ಉಕ್ಕು ಉದ್ದಕ್ಕೂ ಹಾಯ್ದಿತ್ತು. ಅಣ್ಣ ಕೊನೆಯ ಕುಳಿಯ ಪಕ್ಕ ಗೋಡೆಗೆ ಒರಗಿ ಕುಳಿತಿದ್ದ. ತಲೆಗೂದಲಿಗೆಲ್ಲ ಗಾರೆಯ ಪುಡಿ.

"ಮೆಟ್ಲ ತಾವ ಇರ್ನಿಲ್ಲ" ಎಂದ. "ಪಕ್ಕದ್ದು ಒಂದ್ ನೋಡ್ಬುಡುವ ಅಂತ ಎತ್ದೆ. ಅಲ್ಲೂ ಇರ್ನಿಲ್ಲ. ಆಮ್ಯಾಕೆ ನಿಲ್ಸಕ್ಕಾಗ್ನಿಲ್ಲ ಕಣವ್ವ."

ವೆಲ್ಡಿಂಗಿನವನು ಸರಪಳಿ ಸುತ್ತುತ್ತಿದ್ದ. ತಾನು ಬೇಡವೆಂದೆ, ಎಷ್ಟು ಹೇಳಿದರೂ ಕೇಳಲಿಲ್ಲ, ಒಬ್ಬರೇ ಎತ್ತಲು ಹೋದರೆ ಮೈಮೇಲೆ ಬೀಳಿಸಿಕೊಳ್ಳುತ್ತಾರೆ ಎಂದು ಕೈ ಕೊಟ್ಟೆ ಎಂದು ನನ್ನ ಮುಖ ನೋಡದೆ ಹೇಳಿದ.

ಅಣ್ಣ ಅಂಗೈ ಬಿಚ್ಚಿ ತೋರಿಸಿದ. ಒಂದು ಕುಳಿಯಲ್ಲಿ ಹಸಿರು ಹಿಡಿದ ತಾಮ್ರದ ಬಿಲ್ಲೆ ಸಿಕ್ಕಿತ್ತು, ಅದಕ್ಕೆ ಅಂಟಿಕೊಂಡು ಕರಿಕಾದ ನಾಲ್ಕು ಕಾಳು. ರಾಗಿಯೋ ಎಳ್ಳೋ ತಿಳಿಯದು. ಹಾಗಾದರೆ ಯಾರೋ ಕ್ರಮ ತಪ್ಪದೆ ಕಂಬ ನಿಲ್ಲಿಸಿದ್ದರು. ಬಂಗಾರವಿಲ್ಲದವನು ತಾಮ್ರ ಇಟ್ಟಿದ್ದ. ಅದು ನಮ್ಮ ತಾತನೇ ಇರಬಹುದು, ಓಲೆಯ ಕಥೆ ಆಮೇಲೆ ಬೆಳೆದದ್ದಿರಬಹುದು ಎಂದು ನಾನು ಹೇಳಿದೆ. ನನ್ನ ಮಾತು ನನಗೇ ಸಮಾಧಾನಕ್ಕೆ ಆಡಿದ ಹಾಗೆ ಕೇಳಿಸಿತು.

"ಇರ್ಬೋದು ಅಂದ್ರೆ ಏನು?" ಎಂದ ಅಣ್ಣ. "ಯಾವೋನಾದ್ರೂ ಇರ್ಬೋದು."

ಮೇಷ್ಟ್ರು ನನಗೆ ಕಲಿಸಿದ್ದನ್ನೇ ಅವನು ನನಗೆ ಹೇಳುತ್ತಿದ್ದ.

ಮತ್ತೆ ನಿಲ್ಲಿಸಲು ಆಗುತ್ತದಾ ಎಂದು ಕೇಳಿದೆ. ಅವನು ಮೇಲೆ ನೋಡಿದ. ಕಂಬಗಳನ್ನು ತೆಗೆದ ಮೇಲೆ ಗರ್ಡರ್ ಭಾರಕ್ಕೆ ಬಗ್ಗಿ ಕೆಳಗೆ ಇಳಿದಿತ್ತು, ಒಂದು ಬೆರಳಿನಷ್ಟು. ನಿಲ್ಲಿಸಬೇಕಾದರೆ ಒಂದೊಂದು ಕಂಬವನ್ನೂ ಬುಡದಲ್ಲಿ ಕತ್ತರಿಸಿ ಗಿಡ್ಡ ಮಾಡಬೇಕು. ಗರಗಸ ಇಕ್ಕಬಾರದೆಂದೇ ಅವನು ಈ ಕೆಲಸ ಹಿಡಿದಿದ್ದ.

ಸೋಮವಾರ ಇಂಜಿನಿಯರು ಬಂದ. ಗಲಾಟೆಯಾಗುತ್ತದೆ ಎಂದುಕೊಂಡು ನಾನು ಕೆಲಸಕ್ಕೆ ರಜೆ ಹಾಕಿ ಹೋಗಿದ್ದೆ. ಅವನು ಬಾಗಿಲಲ್ಲಿ ನಿಂತು ಹಜಾರವನ್ನು ಒಮ್ಮೆ ನೋಡಿ, ಅಣ್ಣನ ಹೆಗಲ ಮೇಲೆ ಕೈಯಿಟ್ಟ. ತಾನು ಯಾರನ್ನೂ ಎದುರು ಹಾಕಿಕೊಳ್ಳದೆ ಆಗಬೇಕಾದ ಕೆಲಸ ಆಗಿದೆ ಎಂಬ ನೆಮ್ಮದಿ ಅವನ ಮುಖದಲ್ಲಿತ್ತು. ಬೈದಿದ್ದರೆ ಚೆನ್ನಾಗಿತ್ತು. ಆಕ್ಷೇಪಿಸಿದ್ದ ನಮ್ಮ ಗುಂಪಿಗೆ ಮೊಬೈಲಿನಲ್ಲಿ ವಿಷಯ ತಿಳಿಸಿದೆ. ಇಬ್ಬರು ಸಿಟ್ಟಾದರು. ಮೂರನೆಯವರು, ಅವರು ನಿಮ್ಮ ಅಣ್ಣನೇ ಅಲ್ಲವೇ ಮೇಡಂ ಎಂದು ಕೇಳಿದರು. ಹೌದು ಎಂದೆ. ಆಮೇಲೆ ಅಲ್ಲಿ ಯಾರೂ ಏನೂ ಬರೆಯಲಿಲ್ಲ. ಆ ವಾರವೇ ಕುಳಿಗಳಿಗೆ ಕಾಂಕ್ರೀಟು ತುಂಬಿದರು, ಮೇಲೆ ಹೊಳೆಯುವ ಟೈಲ್ಸು ಬಂದವು. ಕಂಬಗಳನ್ನು ಲಾರಿಯಲ್ಲಿ ಹೇರಿ ಬೆಳಗೊಳದ ಕಡೆ ಕಟ್ಟುತ್ತಿದ್ದ ಯಾವುದೋ ರೆಸಾರ್ಟಿಗೆ ಸಾಗಿಸಿದರು. ಅಲ್ಲಿ ಹೆಬ್ಬಾಗಿಲಿಗೆ ನಿಲ್ಲಿಸುತ್ತಾರಂತೆ. ಗಿಣಿಯಿದ್ದವನ್ನು ಮಾತ್ರ.

ವೇದಿಕೆಯ ಹಿಂದಿನ ಗೋಡೆಗೆ ಪ್ಲೈವುಡ್ ಹೊದಿಸುವ ಕೆಲಸವನ್ನು ಅಣ್ಣನಿಗೇ ಕೊಟ್ಟರು. ಅವನು ಮಾಡಿದ. ತಾತನ ಮಾತನ್ನು ಅವನು ಆಮೇಲೆ ಯಾರ ಮುಂದೆಯೂ ಆಡಿದ್ದು ನಾನು ಕೇಳಿಲ್ಲ. ಆಯುಧಪೂಜೆಯ ದಿನ ಪ್ರತಿ ವರ್ಷ ಅಟ್ಟದಿಂದ ಇಳಿಸಿ ನಡುವೆ ಇಡುತ್ತಿದ್ದ ತಾತನ ಬಾಚಿಯನ್ನು ಈ ಸಲ ಇಳಿಸಲಿಲ್ಲ. ಡ್ರಿಲ್ಲಿಂಗ್ ಮಿಷನ್ನಿಗೆ ಕುಂಕುಮ ಇಟ್ಟು ಮುಗಿಸಿದ. ಅತ್ತಿಗೆ ಬಾಚಿ ಎಲ್ಲಿ ಎಂದು ಕೇಳಿದ್ದಕ್ಕೆ, ಯಾರದ್ದೋ ಏನೋ ಎಂದನಂತೆ.

ಹೋದ ತಿಂಗಳು ಅತ್ತೆಯ ಮೊಮ್ಮಗಳ ಮದುವೆ ಅದೇ ಸಭಾಂಗಣದಲ್ಲಿ ನಡೆಯಿತು. ಬೇಡವೆನ್ನಲು ನಾವು ಯಾರು? ಗಂಡಿನ ಕಡೆಯವರು ಗೊತ್ತು ಮಾಡಿದ್ದು. ಎಲ್ಲಿ ಕೂತರೂ ವೇದಿಕೆ ಕಾಣುತ್ತಿತ್ತು, ಅದನ್ನು ಎಲ್ಲರೂ ಮೆಚ್ಚಿ ಆಡಿಕೊಂಡರು. ನಾನು ಚಪ್ಪಲಿ ಬಿಟ್ಟ ಕಾಲಿನಿಂದ ಈಶಾನ್ಯದ ಕಂಬ ಇದ್ದ ಜಾಗವನ್ನು ತಡಕಿದೆ. ಈ ಟೈಲ್ಸೋ ಅದರ ಪಕ್ಕದ್ದೋ ತಿಳಿಯಲಿಲ್ಲ. ಎರಡು ವರ್ಷ ಒರಗಿ ಕೂತ ಜಾಗ.

ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಾನು ಪಕ್ಕದಲ್ಲಿ ಕುಳಿತೆ. ಅವಳು ಮಂಜುಗಣ್ಣಿನಲ್ಲೇ ಸುತ್ತ ನೋಡಿ, ಬಂಗಲೆ ಇದೇಯೇನವ್ವ, ಕಂಬವೆಲ್ಲಿ ಎಂದಳು. ತೆಗೆದರು ಎಂದೆ. ಯಾವುದರ ಕೆಳಗೂ ಬಂಗಾರ ಸಿಗಲಿಲ್ಲ ಎಂದೂ ಹೇಳಿದೆ. ಅವಳು ಅದರಲ್ಲಿ ಏನೂ ವಿಶೇಷವಿಲ್ಲವೆಂಬಂತೆ ಎಲೆಯಡಿಕೆಯ ಚೀಲ ಬಿಚ್ಚಿದಳು.

"ಎಲ್ಲಿ ಸಿಕ್ಕಾತು? ಸಂಜೆ ಇಕ್ ಬಂದವ್ರೆ, ಕಂಬ ಇಳ್ಸಿದ್ದು ಮಾರ್ನೆ ದಿನ. ಬೆಳಗಿನ ಜಾವ್ದಲ್ಲಿ ನಮ್ಮವ್ವ ಓಗಿ ಎತ್ಕಂಡ್ ಬಂದ್ಲಂತೆ. ಮನೇಲಿ ರಾಗಿಗೆ ಗತಿ ಇಲ್ದಾಗ ಯಾವಳಾದ್ರೂ ಓಲೆ ತಂದು ಕಲ್ಲೊಳೀಕೆ ಹಾಕಾಳಾ? ನಮ್ಮಪ್ಪಂಗೆ ಸಾಯಗಂಟ ಗೊತ್ತಾಗ್ನಿಲ್ಲ. ಅವ್ವನೇ ನಂಗೆ ಏಳಿದ್ದು."

ಹಾಗಾದರೆ ಅಂದು ಮೆಟ್ಟಿಲ ಹತ್ತಿರ ಎಂದು ಯಾಕೆ ಹೇಳಿದೆ ಎಂದೆ.

"ನೀನು ಯಾವ ಕಂಬ ಅಂತ ಕೇಳ್ದೆ. ಇಕ್ಕಿದ್ದು ಅಲ್ಲೇ. ಈಗ್ಲೂ ಅದೆಯಾ ಅಂತ ನೀನೆಲ್ಲವ್ವ ಕೇಳ್ದೆ?"

ಮನೆಗೆ ಬಂದು ಇದನ್ನು ಅವಳ ಮಾತಿನಲ್ಲೇ ಬರೆದಿಟ್ಟಿದ್ದೇನೆ. ಬರೆಯುತ್ತಾ ನನಗೆ ಅನುಮಾನವೇ ಬಂತು. ಇದು ಅವಳಿಗೆ ಮೊದಲಿನಿಂದ ಗೊತ್ತಿದ್ದ ಸಂಗತಿಯೋ, ಖಾಲಿ ಕುಳಿಗಳ ಸುದ್ದಿ ಕೇಳಿದ ಆ ಗಳಿಗೆಯಲ್ಲಿ ತನ್ನ ಅಪ್ಪನನ್ನು ಉಳಿಸಿಕೊಳ್ಳಲು ಕಟ್ಟಿದ್ದೋ. ಓಲೆಯ ಚೂರು ಮನೆಗೆ ವಾಪಸು ಬಂದಿದ್ದರೆ ಆಮೇಲೆ ಏನಾಯಿತು? ಮೇಷ್ಟ್ರು ಹೇಳಿದ ಹಾಗೆ ಕಂಬಗಳೇ ಬೇರೆ ಮನೆಯವಾಗಿದ್ದರೆ? ಪರೀಕ್ಷಿಸಲು ಉಳಿದಿದ್ದದ್ದು ಹಜಾರ ಒಂದೇ, ಅದನ್ನು ಪರೀಕ್ಷಿಸಿ ಮುಗಿಸಿದ್ದೇವೆ.

ಅಂದು ಮದುವೆಯಲ್ಲೇ ಅಣ್ಣನನ್ನು ಹುಡುಕಿಕೊಂಡು ಹೋಗಿ ಅತ್ತೆ ಹೇಳಿದ್ದನ್ನು ಹೇಳಿದೆ. ಅವನು ಊಟ ಮುಗಿಸಿ ವೇದಿಕೆಯ ಪಕ್ಕ ಕೈಕಟ್ಟಿಕೊಂಡು ನಿಂತಿದ್ದ. ಕೇಳುವಾಗ ಅವನ ಬೆನ್ನು ನೆಟ್ಟಗಾಗುತ್ತದೇನೋ ಎಂದು ನೋಡಿದೆ. ಆಗಲಿಲ್ಲ. ಪೂರ್ತಿ ಕೇಳಿದ ಮೇಲೆ, "ಮೊದ್ಲೇ ಏಳಿದ್ರೆ ಆರು ನಿಂತಿರವು" ಎಂದ.

ಫೋಟೊ ತೆಗೆಸಿಕೊಳ್ಳುವವರ ಸಾಲು ಮುಂದೆ ಸರಿಯುತ್ತಿತ್ತು. ಹೆಣ್ಣುಗಂಡಿನ ಹಿಂದೆ ಅಣ್ಣ ಹೊದಿಸಿದ ಪ್ಲೈವುಡ್ ಗೋಡೆ, ಅದಕ್ಕೆ ತೇಗದ ಬಣ್ಣದ ಮೈಕಾ. ಒಂದು ಕಡೆ ಅಂಚು ಸ್ವಲ್ಪ ಎದ್ದಿತ್ತು. ಅಣ್ಣ ಹೋಗಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತ. ಕೈ ತೆಗೆದಾಗ ಅದು ಮತ್ತೆ ಎದ್ದಿತು.

"ಮಳೆಗಾಲಕ್ಕೆ ಉಬ್ಕತದೆ ಇದು" ಎಂದ.